ಕೆಂಪು ಹರಳು: ಮಾಣಿಕ್ಯವೋ, ಗಾರ್ನೆಟ್ಟೋ? ಮನೆಯಲ್ಲೇ ಪರೀಕ್ಷೆ ಮಾಡುವ ಬಗೆ

ಮೊದಲೇ ಹೇಳಿಬಿಡುತ್ತೇನೆ, ಬಣ್ಣ ನೋಡಿ ಹರಳು ಯಾವುದು ಅಂತ ತೀರ್ಮಾನ ಮಾಡಬೇಡಿ. ಕೆಂಪಗಿದೆ ಅಂದರೆ ಅದು ಮಾಣಿಕ್ಯ ಇರಬಹುದು, ಗಾರ್ನೆಟ್ ಇರಬಹುದು, ಸ್ಪಿನೆಲ್ ಇರಬಹುದು, ಕಾರ್ಖಾನೆಯಲ್ಲಿ ಬೆಳೆಸಿದ ಮಾಣಿಕ್ಯ ಇರಬಹುದು, ಬರೀ ಗಾಜೂ ಇರಬಹುದು. ಬ್ರಿಟಿಷ್ ರಾಜಕಿರೀಟದ ಮುಂಭಾಗದಲ್ಲೇ ಕೂತಿರುವ 'ಬ್ಲ್ಯಾಕ್ ಪ್ರಿನ್ಸ್ ರೂಬಿ' ರೂಬಿಯೇ (ಅಂದರೆ ಮಾಣಿಕ್ಯವೇ) ಅಲ್ಲ, ಸ್ಪಿನೆಲ್ ಅನ್ನೋ ಬೇರೆಯೇ ಖನಿಜ. ರಾಜರ ಖಜಾನೆಯವರಿಗೇ ಶತಮಾನಗಟ್ಟಲೆ ಗೊತ್ತಾಗಲಿಲ್ಲ ಅಂದಮೇಲೆ ಅಂಗಡಿಯ ಹಳದಿ ದೀಪದ ಕೆಳಗೆ ನಿಂತು ನಾವು ಕಣ್ಣಳತೆಯಲ್ಲಿ ಹೇಳೋದು ಹೇಗೆ?

ಮಾಣಿಕ್ಯ ಮತ್ತು ಕೆಂಪು ಗಾರ್ನೆಟ್, ಈ ಎರಡನ್ನು ಬೇರೆ ಮಾಡುವುದು ಹೇಗೆ ಅನ್ನೋದಷ್ಟೇ ಇಲ್ಲಿನ ವಿಷಯ. ಅದೃಷ್ಟಕ್ಕೆ ಇವೆರಡೂ ಹುಟ್ಟಿನಿಂದಲೇ ಬೇರೆ ಬೇರೆ. ಒಂದು ವಿಷಯ ಮಾತ್ರ ನೆನಪಿಡಿ: ಯಾವ ಒಂದೇ ಪರೀಕ್ಷೆಯನ್ನೂ ನಂಬಬೇಡಿ. ಬೇರೆ ಬೇರೆ ಗುಣ ನೋಡುವ ಎರಡು ಮೂರು ಪರೀಕ್ಷೆ ಒಂದೇ ಉತ್ತರ ಕೊಟ್ಟರೆ ಆಗ ನಂಬಬಹುದು. ಯಾಕೆ ಅಂತ ಮುಂದೆ ನಿಮಗೇ ಗೊತ್ತಾಗುತ್ತದೆ.

ಎರಡೂ ಏನು, ಸ್ವಲ್ಪದರಲ್ಲಿ

ಮಾಣಿಕ್ಯ ಅಂದರೆ ಕೊರಂಡಮ್ ಅನ್ನೋ ಖನಿಜ. ಅಲ್ಯೂಮಿನಿಯಂ ಮತ್ತು ಆಮ್ಲಜನಕ, ಅಷ್ಟೇ. ಶುದ್ಧವಾಗಿದ್ದರೆ ಅದಕ್ಕೆ ಬಣ್ಣವೇ ಇಲ್ಲ. ಚೂರು ಕ್ರೋಮಿಯಂ ಸೇರಿದರೆ ಕೆಂಪು, ಅದನ್ನೇ ಮಾಣಿಕ್ಯ ಅನ್ನುತ್ತೇವೆ. ಕಬ್ಬಿಣ ಮತ್ತು ಟೈಟಾನಿಯಂ ಸೇರಿ ನೀಲಿಯಾದರೆ ಅದೇ ಖನಿಜ ಇಂದ್ರನೀಲ.

ಗಾರ್ನೆಟ್ ಒಂದೇ ಕಲ್ಲಲ್ಲ, ಒಂದು ದೊಡ್ಡ ಕುಟುಂಬ. ನವರತ್ನದ ಗೋಮೇಧಿಕವೂ ಅದೇ ಮನೆಯದ್ದು, ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ಕೆಂಪಿನ ವಿಷಯಕ್ಕೆ ಬಂದರೆ ನಮಗೆ ಬೇಕಾದವು ಮೂರು: ಮೆಗ್ನೀಸಿಯಂ ಜಾಸ್ತಿ ಇರುವ ಪೈರೋಪ್, ಕಬ್ಬಿಣ ಜಾಸ್ತಿ ಇರುವ ಆಲ್ಮಂಡೈನ್, ಇವೆರಡರ ನಡುವಿನ ರೋಡೋಲೈಟ್. ರೋಡೋಲೈಟ್‌ಗೆ ನೇರಳೆ ಛಾಯೆ ಇರುತ್ತದೆ, ನೋಡಲು ಚೆಂದ, ಮಾಣಿಕ್ಯ ಅಂತ ದಾಟಿಸೋಕೂ ಇದೇ ಸುಲಭ.

ಇವೆರಡನ್ನು ಬೇರೆ ಮಾಡೋಕೆ ಎರಡು ಸುಳಿವು ಇವೆ. ಮಾಣಿಕ್ಯದ ಬಣ್ಣ ಕ್ರೋಮಿಯಂನಿಂದ, ಗಾರ್ನೆಟ್‌ನಲ್ಲಿ ಹೆಚ್ಚಾಗಿ ಕಬ್ಬಿಣದ ಆಟ. ಇದು ಮೊದಲನೆಯದು. ಎರಡನೆಯದು ನಾನಿನ್ನೂ ಹೇಳಿಲ್ಲ, ಒಳಗಿನ ಜೋಡಣೆ. ಗಾರ್ನೆಟ್‌ನಲ್ಲಿ ಅಣುಗಳ ಜೋಡಣೆ ಎಲ್ಲ ದಿಕ್ಕಿಗೂ ಒಂದೇ ಥರ, ಬೆಳಕು ಯಾವ ಕಡೆಯಿಂದ ಹೋದರೂ ಒಂದೇ ಆಗಿ ಹೋಗುತ್ತದೆ. ಮಾಣಿಕ್ಯದಲ್ಲಿ ಹಾಗಲ್ಲ. ಬೆಳಕು ಒಳಗೆ ಹೋಗುತ್ತಲೇ ಎರಡಾಗಿ ಒಡೆಯುತ್ತದೆ, ಒಂದೇ ಒಂದು ದಿಕ್ಕನ್ನು ಬಿಟ್ಟು. ಕೆಳಗಿನ ಮುಖ್ಯ ಪರೀಕ್ಷೆಗಳೆಲ್ಲ ಈ ಎರಡು ವ್ಯತ್ಯಾಸದ ಮೇಲೆಯೇ ನಿಂತಿವೆ.

ಬೇಕಾದ ಸಾಮಾನು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್, 365 ನ್ಯಾನೋಮೀಟರ್ ತರಂಗದ ಯುವಿ (ಅತಿನೇರಳೆ ಬೆಳಕಿನ) ಟಾರ್ಚ್, ಬೆರಳ ತುದಿಯಷ್ಟು ದಪ್ಪದ ನಿಯೋಡಿಮಿಯಂ ಮ್ಯಾಗ್ನೆಟ್, ಪೋಲರೈಸ್ಡ್ ಕೂಲಿಂಗ್ ಗ್ಲಾಸ್, ಒಂದು ಲ್ಯಾಪ್‌ಟಾಪ್. ಇಷ್ಟಿದ್ದರೆ ಸಾಕು. ತೂಕದ ಪರೀಕ್ಷೆಯೂ ಮಾಡಬೇಕು ಅಂದರೆ ಒಂದು ಮಿಲಿಗ್ರಾಂವರೆಗೆ ತೋರಿಸುವ ತಕ್ಕಡಿ. ಅಡುಗೆಮನೆಯ ತಕ್ಕಡಿ ಇದಕ್ಕೆ ಆಗೋದಿಲ್ಲ.

ಟಾರ್ಚ್ ಕೊಳ್ಳುವಾಗ ಹುಷಾರು. ನೋಟು ನೋಡೋಕೆ ಅಂತ ಸಿಗುವ ಅಗ್ಗದವು ಬಹಳಷ್ಟು 395 ನ್ಯಾನೋಮೀಟರ್‌ನವು. ಅವುಗಳಿಂದ ಬರುವ ನೇರಳೆ ಬೆಳಕೇ ಹರಳಿನ ಮೇಲೆ ಬಿದ್ದು ಹೊಳೆದು ನಿಮಗೆ ಗೊಂದಲ ಆಗುತ್ತದೆ. ಯಾವ ಯುವಿ ಟಾರ್ಚ್ ಆದರೂ ನೇರ ಕಣ್ಣಿಗೆ ಹಿಡಿಯಬೇಡಿ.

ಹಂತ 1: ತೊಳೆದು ಲೂಪ್‌ನಲ್ಲಿ ನೋಡಿ

ಉಗುರುಬೆಚ್ಚಗಿನ ಸೋಪು ನೀರು, ಮೆತ್ತನೆ ಬ್ರಷ್. ಹರಳಿನ ಹಿಂದೆ ಜಿಡ್ಡು ಕೂತಿದ್ದರೆ ಯಾವ ಪರೀಕ್ಷೆಯೂ ಸರಿಯಾಗಿ ಬರೋದಿಲ್ಲ. ಹಿಂದೆ ಮುಚ್ಚಿ ಕೂರಿಸಿದ ಹಳೆ ಒಡವೆಯಾದರೆ ಮಾತ್ರ ನೀರಲ್ಲಿ ನೆನೆಸಬೇಡಿ. ಹರಳಿನ ಕೆಳಗೆ ಬಣ್ಣದ ಹಾಳೆ ಇಟ್ಟಿರುತ್ತಾರೆ, ನೀರು ಇಳಿದರೆ ಅದು ಕಪ್ಪಾಗಿ ಹರಳಿನ ಕಳೆಯೇ ಹೋಗುತ್ತದೆ. ಅಂಥದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಲೂಪನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು ಹರಳನ್ನೇ ಅದರ ಹತ್ತಿರಕ್ಕೆ ತನ್ನಿ, ತಿರುಗುಮುರುಗಾಗಿ ಅಲ್ಲ. ಮೊದಲು ಮುಖಗಳ ಅಂಚು ನೋಡಿ. ಮಾಣಿಕ್ಯದ ಗಡಸುತನ ಮೋಸ್ ಮಾಪನದಲ್ಲಿ 9, ಗಾರ್ನೆಟ್‌ನದು 7ರಿಂದ 7.5. ಕಾಗದದ ಮೇಲೆ ಇದು ಸಣ್ಣ ಅಂತರ. ಆದರೆ ಆ ಮಾಪನದಲ್ಲಿ ಮೆಟ್ಟಿಲುಗಳು ಸಮ ಇಲ್ಲ, 7ರ ಸ್ಫಟಿಕಶಿಲೆಯನ್ನು 100 ಅಂತ ಇಟ್ಟುಕೊಂಡರೆ 9ರ ಕೊರಂಡಮ್ ಸುಮಾರು 400ಕ್ಕೆ ಹೋಗುತ್ತದೆ. ನಮ್ಮ ಮನೆಯ ಧೂಳಿನಲ್ಲೇ ಸ್ಫಟಿಕಶಿಲೆಯ ಪುಡಿ ಇರುತ್ತದಲ್ಲ, ಹಾಗಾಗಿ ದಿನಾ ಹಾಕುವ ಉಂಗುರದಲ್ಲಿ ಗಾರ್ನೆಟ್‌ನ ಅಂಚು ವರ್ಷಗಳಲ್ಲಿ ಮೊಂಡಾಗುತ್ತದೆ, ಮಾಣಿಕ್ಯದ್ದು ಚೂಪಾಗಿಯೇ ಉಳಿಯುತ್ತದೆ. ಹೊಸ ಹರಳಿಗೆ ಇದು ಉಪಯೋಗ ಇಲ್ಲ.

ಆಮೇಲೆ ಒಳಗೆ ನೋಡಿ. ಮಾಣಿಕ್ಯದಲ್ಲಿ ರೂಟೈಲ್ ಅನ್ನೋ ಇನ್ನೊಂದು ಖನಿಜದ ಸಣ್ಣ ಸೂಜಿಗಳು ರೇಷ್ಮೆ ಎಳೆಯ ಥರ, ಮೂರು ದಿಕ್ಕಿನಲ್ಲಿ 60 ಡಿಗ್ರಿ ಕೋನದಲ್ಲಿ ಹಾಯ್ದಿರಬಹುದು. ಮೈಸೂರು ಕಡೆಯ ನಕ್ಷತ್ರ ಮಾಣಿಕ್ಯ ಅಂತ ಮಾರುವ, ಆಚೆ ಕಾಣದ ಗುಮ್ಮಟದ ಆಕಾರದ ಕಲ್ಲುಗಳಲ್ಲಿ ಆರು ಕಾಲಿನ ನಕ್ಷತ್ರ ಮೂಡೋದು ಇಂಥ ಎಳೆಗಳಿಂದಲೇ. ಆಲ್ಮಂಡೈನ್‌ನಲ್ಲೂ ಸೂಜಿಗಳಿರುತ್ತವೆ, ಆದರೆ ಅವು 70 ಮತ್ತು 110 ಡಿಗ್ರಿಯಲ್ಲಿ ದಾಟುತ್ತವೆ. ಅದರಲ್ಲೂ ನಕ್ಷತ್ರ ಮೂಡುವುದುಂಟು, ಹೆಚ್ಚಾಗಿ ನಾಲ್ಕು ಕಾಲಿನದು. ಕೋನ ಅಳೆಯೋಕೆ ಹೋಗಬೇಡಿ, ಅಭ್ಯಾಸ ಇಲ್ಲದ ಕಣ್ಣಿಗೆ ಅದು ಸಿಗೋದಿಲ್ಲ. ಇಲ್ಲಿ ಏನು ಕಂಡಿತು ಅಂತ ಬರೆದಿಟ್ಟುಕೊಂಡು ಮುಂದೆ ಹೋಗಿ.

ಹಂತ 2: ಯುವಿ ಟಾರ್ಚ್

ಕೋಣೆ ಕತ್ತಲು ಮಾಡಿ, ಹರಳನ್ನು ಕಪ್ಪು ಬಟ್ಟೆಯ ಮೇಲಿಟ್ಟು ಟಾರ್ಚ್ ಬಿಡಿ. ಮಾಣಿಕ್ಯ ಕೆಂಡದ ಹಾಗೆ ಒಳಗಿನಿಂದ ಕೆಂಪಗೆ ಉರಿಯುತ್ತದೆ. ಗಾರ್ನೆಟ್ ಜಪ್ಪಯ್ಯ ಅಂದರೂ ಅಲುಗೋದಿಲ್ಲ, ಕಪ್ಪಗೆ ಸುಮ್ನೆ ಕೂತಿರುತ್ತದೆ. ಕ್ರೋಮಿಯಂ ಬೆಳಕನ್ನು ನುಂಗಿ ಕೆಂಪಾಗಿ ವಾಪಸ್ ಕೊಡುತ್ತದೆ, ಕಬ್ಬಿಣ ಆ ಹೊಳಪನ್ನು ಕೊಂದುಹಾಕುತ್ತದೆ. ಕ್ರೋಮಿಯಂನ ಈ ಗುಣ ಹಿಡಿದುಕೊಂಡೇ 1960ರಲ್ಲಿ ಥಿಯೋಡೋರ್ ಮೈಮನ್ ಜಗತ್ತಿನ ಮೊದಲ ಲೇಸರ್ ಮಾಡಿದ್ದು, ಅದರಲ್ಲಿದ್ದದ್ದು ಕೃತಕ ಮಾಣಿಕ್ಯದ ಕಡ್ಡಿ.

ಈ ಪರೀಕ್ಷೆ ಸುಲಭ, ನೋಡೋಕೂ ಮಜಾ, ಅದಕ್ಕೇ ಜನ ಇದೊಂದನ್ನೇ ಮಾಡಿ ನಿಲ್ಲಿಸಿಬಿಡುತ್ತಾರೆ. ಅದು ತಪ್ಪು. ಬರ್ಮಾದ ಮೊಗೋಕ್ ಕಲ್ಲು ಜೋರಾಗಿ ಹೊಳೆದರೆ, ಥಾಯ್ಲೆಂಡ್–ಕಾಂಬೋಡಿಯಾ ಗಡಿಯ ಕಲ್ಲಿನಲ್ಲಿ ಕಬ್ಬಿಣ ಇರೋದರಿಂದ ಅಸಲಿ ಮಾಣಿಕ್ಯವೇ ಮಂಕಾಗಿರುತ್ತದೆ. ಕೆಂಪು ಸ್ಪಿನೆಲ್‌ನಲ್ಲೂ ಕ್ರೋಮಿಯಂ ಇದೆ, ಅದೂ ಹೊಳೆಯುತ್ತದೆ. ಎಲ್ಲಕ್ಕಿಂತ ಜೋರಾಗಿ ಹೊಳೆಯೋದು ಯಾವುದು ಗೊತ್ತಾ? ಕಾರ್ಖಾನೆ ಮಾಣಿಕ್ಯ. ಅಂದರೆ ಜೋರಾಗಿ ಕೆಂಪಗೆ ಹೊಳೆದರೆ ಅದು ಗಾರ್ನೆಟ್ ಅಲ್ಲ ಅಂತ ಹೇಳಬಹುದು, ಅಷ್ಟೇ. ಹೊಳೆಯದಿದ್ದರೆ ಏನೂ ಹೇಳಲಾಗದು.

ಹಂತ 3: ಲ್ಯಾಪ್‌ಟಾಪ್ ಮತ್ತು ಕೂಲಿಂಗ್ ಗ್ಲಾಸ್

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ಎಲ್‌ಸಿಡಿ ಪರದೆಯಿಂದ ಬರುವ ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕು. ಲ್ಯಾಪ್‌ಟಾಪ್‌ನಲ್ಲಿ ಖಾಲಿ ಬಿಳಿ ಪುಟ ತೆರೆದು, ಬ್ರೈಟ್‌ನೆಸ್ ಪೂರ್ತಿ ಏರಿಸಿ, ಪರದೆಯನ್ನು ಆದಷ್ಟು ಹಿಂದಕ್ಕೆ ಮಲಗಿಸಿ. ಕೂಲಿಂಗ್ ಗ್ಲಾಸ್‌ನ ಒಂದು ಗಾಜಿನ ಮೂಲಕ ನೋಡುತ್ತಾ ಕನ್ನಡಕವನ್ನು ನಿಧಾನ ತಿರುಗಿಸಿ. ಒಂದು ಕಡೆ ಬಂದಾಗ ಬಿಳಿ ಪರದೆ ಪೂರ್ತಿ ಕಪ್ಪಾಗುತ್ತದೆ. ಕಪ್ಪಾಗದಿದ್ದರೆ ಒಂದೋ ಅದು ಪೋಲರೈಸ್ಡ್ ಗ್ಲಾಸ್ ಅಲ್ಲ, ಇಲ್ಲಾ ಪರದೆ ಬೇರೆ ಜಾತಿಯದು.

ಕಪ್ಪಾದ ಜಾಗದಲ್ಲಿ ಕನ್ನಡಕವನ್ನು ಅಲ್ಲಾಡಿಸದೆ ಹಿಡಿದು, ಪರದೆಗೂ ಕನ್ನಡಕಕ್ಕೂ ನಡುವೆ ಹರಳನ್ನು ಚಿಮಟದಲ್ಲಿ ಹಿಡಿಯಿರಿ. ಈಗ ಹರಳನ್ನು ಒಂದು ಸುತ್ತು ತಿರುಗಿಸಿ. ಮಾಣಿಕ್ಯ ಆದರೆ ಒಂದು ಸುತ್ತಿನಲ್ಲಿ ನಾಲ್ಕು ಸಲ ಬೆಳಗಿ ನಾಲ್ಕು ಸಲ ಕಪ್ಪಾಗುತ್ತದೆ. ಗಾರ್ನೆಟ್ ಆದರೆ ಹೇಗೆ ತಿರುಗಿಸಿದರೂ ಕತ್ತಲೆಯಲ್ಲೇ ಇರುತ್ತದೆ.

ಇಲ್ಲಿ ಒಂದು ಗುಂಡಿ ಇದೆ, ಬೀಳಬೇಡಿ. ಬೆಳಕು ಒಡೆಯದ ಒಂದು ದಿಕ್ಕು ಮಾಣಿಕ್ಯದಲ್ಲೂ ಇದೆ ಅಂದೆನಲ್ಲ, ಒಳ್ಳೆ ಬಣ್ಣ ಕಾಣಲಿ ಅಂತ ಹರಳು ಕತ್ತರಿಸುವವರು ಎಷ್ಟೋ ಸಲ ಸರಿಯಾಗಿ ಅದೇ ದಿಕ್ಕಿಗೆ ಮೇಲ್ಮುಖ ಬರುವ ಹಾಗೆ ಕತ್ತರಿಸಿರುತ್ತಾರೆ, ಹಾಗಾಗಿ ಮೇಲಿನಿಂದ ಮಾತ್ರ ನೋಡಿದರೆ ಮಾಣಿಕ್ಯವೂ ಗಾರ್ನೆಟ್ ಥರ ಕತ್ತಲೆಯಲ್ಲೇ ಇದ್ದು ನಿಮ್ಮನ್ನು ಏಮಾರಿಸುತ್ತದೆ. ಮೇಲಿನಿಂದ, ಪಕ್ಕದಿಂದ, ಓರೆಯಾಗಿ, ಮೂರು ಕಡೆಯಿಂದಲಾದರೂ ನೋಡಿ. ಗಾರ್ನೆಟ್‌ನ ಕಡೆಯಿಂದಲೂ ಒಂದು ಕಿತಾಪತಿ ಉಂಟು, ಒಳಗಿನ ಒತ್ತಡದಿಂದ ಕೆಲವು ಗಾರ್ನೆಟ್‌ಗಳಲ್ಲಿ ಮಸುಕು ಪಟ್ಟಿಗಳು ಹಾವಿನ ಥರ ಹರಿದಾಡುತ್ತವೆ. ಆದರೆ ಇಡೀ ಹರಳು ಒಟ್ಟಿಗೆ ಹತ್ತಿ ಆರೋದಿಲ್ಲ.

ಅದೇ ಪರದೆಯಲ್ಲಿ ಇನ್ನೊಂದು ನೋಡಿಬಿಡಿ. ಕನ್ನಡಕ ಪಕ್ಕಕ್ಕಿಟ್ಟು, ಬಿಳಿ ಪರದೆಯ ಮುಂದೆ ಹರಳನ್ನು ಪಕ್ಕದಿಂದ ನೋಡುತ್ತಾ ತಿರುಗಿಸಿ. ಮಾಣಿಕ್ಯದ ಬಣ್ಣ ಒಮ್ಮೆ ನೇರಳೆಗೆಂಪು, ಒಮ್ಮೆ ಕಿತ್ತಳೆಗೆಂಪು ಆಗುತ್ತದೆ. ವ್ಯತ್ಯಾಸ ತೀರಾ ದೊಡ್ಡದಲ್ಲ, ಆದರೆ ಒಮ್ಮೆ ಕಂಡರೆ ಆಮೇಲೆ ತಪ್ಪೋದಿಲ್ಲ. ಗಾರ್ನೆಟ್‌ಗೆ ಒಂದೇ ಬಣ್ಣ.

ಹಂತ 4: ತೇಲುವ ತೆಪ್ಪ, ಮ್ಯಾಗ್ನೆಟ್

ಅಗಲ ಬಟ್ಟಲಲ್ಲಿ ನೀರು ತುಂಬಿಸಿ. ಎರಡು ಬೆರಳಗಲದ ಥರ್ಮೋಕೋಲ್ ತುಂಡನ್ನು ಅದರ ಮೇಲೆ ತೇಲಿಬಿಟ್ಟು, ಮಧ್ಯೆ ಹರಳನ್ನು ಇಡಿ. ಫ್ಯಾನ್ ಆಫ್ ಮಾಡಿ, ಉಸಿರೂ ಮೆಲ್ಲಗೆ ಬಿಡಿ. ತೆಪ್ಪ ಪೂರ್ತಿ ನಿಂತಮೇಲೆ ಮ್ಯಾಗ್ನೆಟ್ಟನ್ನು ಹರಳಿನ ಪಕ್ಕಕ್ಕೆ, ತಾಗೋದಕ್ಕೆ ಕೂದಲೆಳೆ ಬಾಕಿ ಅನ್ನುವಷ್ಟು ಹತ್ತಿರ ತನ್ನಿ.

ಆಲ್ಮಂಡೈನ್ ಆದರೆ ತೆಪ್ಪ ನಿಧಾನಕ್ಕೆ ಹೊರಟು ಮ್ಯಾಗ್ನೆಟ್ ಹಿಂದೆ ಬರುತ್ತದೆ. ಮ್ಯಾಗ್ನೆಟ್ ಹಿಂದಕ್ಕೆ ಎಳೆದರೆ ಅದೂ ಬರುತ್ತದೆ, ಬಟ್ಟಲಿನ ಸುತ್ತ ಒಂದು ರೌಂಡ್ ಹೊಡೆಸಬಹುದು. ರೋಡೋಲೈಟ್ ಕೂಡ ಬರುತ್ತದೆ, ಸ್ವಲ್ಪ ಸೋಮಾರಿಯಾಗಿ. ಕಬ್ಬಿಣ ಕಮ್ಮಿ ಇರುವ ಪೈರೋಪ್ ಇನ್ನೂ ನಿಧಾನ. ಮಾಣಿಕ್ಯ, ಅಸಲಿ ಇರಲಿ ಕೃತಕ ಇರಲಿ, ಕ್ಯಾರೇ ಅನ್ನೋದಿಲ್ಲ.

ಹರಳು ಇಡುವ ಮುಂಚೆ ಖಾಲಿ ತೆಪ್ಪಕ್ಕೆ ಮ್ಯಾಗ್ನೆಟ್ ಹಿಡಿದು ನೋಡುವುದು ಕಡ್ಡಾಯ. ಒಣ ಕೈಯಲ್ಲಿ ಥರ್ಮೋಕೋಲ್ ಉಜ್ಜಿದ್ದರೆ ಅದರ ಸ್ಥಾಯಿ ವಿದ್ಯುತ್ತಿಗೇ ತೆಪ್ಪ ಓಡಾಡುತ್ತದೆ, ನೀವು ಗಾರ್ನೆಟ್ ಅಂತ ತಿಳಿದು ಖುಷಿಪಡುತ್ತೀರಿ. ಒಡವೆಯಲ್ಲಿ ಕೂರಿಸಿದ ಹರಳಿಗೆ ಈ ಪರೀಕ್ಷೆ ಕಷ್ಟ. ಚಿನ್ನ ಮ್ಯಾಗ್ನೆಟ್‌ಗೆ ಬರೋದಿಲ್ಲ ನಿಜ, ಆದರೆ ಅದರ ಭಾರಕ್ಕೆ ಸಣ್ಣ ಹರಳಿನ ಎಳೆತ ಸಾಲೋದಿಲ್ಲ.

ಹಂತ 5: ನೀರಲ್ಲಿ ತೂಕ

ಬಿಡಿ ಹರಳಿಗೆ ಮಾತ್ರ. ಮೊದಲು ಹರಳನ್ನು ಹಾಗೇ ತೂಗಿ. ಆಮೇಲೆ ಒಂದು ಸಣ್ಣ ಲೋಟ ನೀರನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ಹರಳನ್ನು ತೆಳು ದಾರದಲ್ಲಿ ಕಟ್ಟಿ ನೀರೊಳಗೆ ಪೂರ್ತಿ ಮುಳುಗಿಸಿ, ತಳಕ್ಕೆ ಗೋಡೆಗೆ ತಾಗದ ಹಾಗೆ ಮೇಲಿನಿಂದ ಹಿಡಿದುಕೊಳ್ಳಿ. ಈಗ ತಕ್ಕಡಿ ತೋರಿಸೋದು ಹರಳು ಪಕ್ಕಕ್ಕೆ ತಳ್ಳಿದ ನೀರಿನ ತೂಕ. ಮೊದಲ ತೂಕವನ್ನು ಇದರಿಂದ ಭಾಗಿಸಿ, ಹರಳು ನೀರಿಗಿಂತ ಎಷ್ಟು ಪಟ್ಟು ಭಾರ ಅಂತ ಬರುತ್ತದೆ. ನೀರಿಗೆ ಒಂದು ಹನಿ ಪಾತ್ರೆ ಸೋಪು ಬಿಟ್ಟರೆ ಹರಳಿಗೆ ಗುಳ್ಳೆ ಅಂಟೋದಿಲ್ಲ. ಗುಳ್ಳೆ ಅಂಟಿದರೆ ಲೆಕ್ಕ ಹೋಯಿತು.

ಮಾಣಿಕ್ಯಕ್ಕೆ ಉತ್ತರ 4.00ರ ಆಸುಪಾಸು. ರೋಡೋಲೈಟ್ ಸುಮಾರು 3.84, ಪೈರೋಪ್ 3.78ರ ಹತ್ತಿರ, ಆಲ್ಮಂಡೈನ್ 4.05 ಮತ್ತು ಅದಕ್ಕೂ ಮೇಲೆ. 6 ಕ್ಯಾರೆಟ್‌ನ, ಅಂದರೆ 1.2 ಗ್ರಾಂನ ಹರಳು ತಗೊಳ್ಳಿ. ಮಾಣಿಕ್ಯ ಆದರೆ ತಳ್ಳುವ ನೀರು 0.300 ಗ್ರಾಂ, ರೋಡೋಲೈಟ್ ಆದರೆ 0.312 ಗ್ರಾಂ. ವ್ಯತ್ಯಾಸ ಹನ್ನೆರಡು ಮಿಲಿಗ್ರಾಂ! ಅದಕ್ಕೇ ಒಳ್ಳೆ ತಕ್ಕಡಿ ಬೇಕು ಅಂದದ್ದು. ಒಂದು ಕ್ಯಾರೆಟ್‌ನ ಹರಳಿಗಂತೂ ಮನೆಯಲ್ಲಿ ಈ ಸಾಹಸ ಬೇಡ.

ಈಗ ಆ ಅಂಕಿಗಳನ್ನು ಇನ್ನೊಮ್ಮೆ ನೋಡಿ. ಆಲ್ಮಂಡೈನ್ ಮತ್ತು ಮಾಣಿಕ್ಯ ಪಕ್ಕಪಕ್ಕದಲ್ಲೇ ಇವೆ. ತೂಕ ಒಂದನ್ನೇ ನಂಬಿದರೆ ಅಲ್ಲಿ ಕೆಟ್ಟಿರಿ. ರತ್ನಪರೀಕ್ಷಕರು ಬಳಸುವ ರಿಫ್ರಾಕ್ಟೋಮೀಟರ್‌ನಲ್ಲಿ ಇದರ ಉಲ್ಟಾ ಸಮಸ್ಯೆ. ಬೆಳಕು ಎಷ್ಟು ಬಾಗುತ್ತದೆ ಅನ್ನೋ ವಕ್ರೀಭವನಾಂಕ ಮಾಣಿಕ್ಯಕ್ಕೆ 1.762 ಮತ್ತು 1.770, ಎರಡು ಗೆರೆ. ಆಲ್ಮಂಡೈನ್ 1.79ರ ಹತ್ತಿರ, ಪೈರೋಪ್ 1.74ರ ಹತ್ತಿರ, ಸುಲಭವಾಗಿ ಬೇರೆಯಾಗುತ್ತವೆ. ಆದರೆ ರೋಡೋಲೈಟ್ ಸರಿಯಾಗಿ 1.76ರಲ್ಲೇ ಬಂದು ಕೂರುತ್ತದೆ. ಹರಳನ್ನು ತಿರುಗಿಸಿ ಗೆರೆ ಒಂದೋ ಎರಡೋ ಅಂತ ನೋಡುವ ತಾಳ್ಮೆ ಇಲ್ಲದವರು ರೋಡೋಲೈಟನ್ನು ಮಾಣಿಕ್ಯ ಅಂತ ಬರೆದುಕೊಡುತ್ತಾರೆ. ತೂಕದಲ್ಲಿ ತಪ್ಪಿಸಿಕೊಳ್ಳುವ ಗಾರ್ನೆಟ್ ವಕ್ರೀಭವನದಲ್ಲಿ ಸಿಕ್ಕಿಬೀಳುತ್ತದೆ, ವಕ್ರೀಭವನದಲ್ಲಿ ತಪ್ಪಿಸಿಕೊಳ್ಳುವುದು ತೂಕದಲ್ಲಿ. ಎರಡೂ ಬೇಕು ಅನ್ನೋದು ಇದಕ್ಕೇ.

ನಿಮ್ಮ ಹತ್ತಿರ ರಿಫ್ರಾಕ್ಟೋಮೀಟರ್ ಇಲ್ಲದಿದ್ದರೂ ಚಿಂತೆ ಇಲ್ಲ, ಮೂರನೇ ಮತ್ತು ನಾಲ್ಕನೇ ಹಂತ ಸೇರಿಸಿದರೆ ಅಷ್ಟೇ ಗಟ್ಟಿ ಉತ್ತರ ಬರುತ್ತದೆ. ತಿರುಗಿಸಿದಾಗ ಹತ್ತಿ ಆರುವ, ಮ್ಯಾಗ್ನೆಟ್‌ಗೆ ಬಗ್ಗದ ಹರಳು ಗಾರ್ನೆಟ್ ಅಲ್ಲ. ಸದಾ ಕತ್ತಲೆಯಲ್ಲಿರುವ, ಮ್ಯಾಗ್ನೆಟ್ ಹಿಂದೆ ಓಡುವ ಹರಳು ಮಾಣಿಕ್ಯ ಅಲ್ಲ. ಕತ್ತಲೆಯಲ್ಲೂ ಇದೆ, ಮ್ಯಾಗ್ನೆಟ್‌ಗೂ ಬರೋದಿಲ್ಲ ಅಂದರೆ ಗಾಜೋ ಸ್ಪಿನೆಲ್ಲೋ ಅಂತ ಅನುಮಾನ ಪಡಿ.

ಮಾಡಬಾರದ್ದು

ಉಜ್ಜಿ ನೋಡೋದು ಬೇಡ. ಮಾಣಿಕ್ಯವೂ ಗಾಜು ಗೀರುತ್ತದೆ, ಗಾರ್ನೆಟ್ಟೂ ಗೀರುತ್ತದೆ, ಗೊತ್ತಾಗೋದು ಏನೂ ಇಲ್ಲ, ಹರಳಿನ ಅಂಚು ಮುಕ್ಕಾದರೆ ಲಾಭ. ಹಾಲಲ್ಲಿ ಹಾಕಿದರೆ ಹಾಲು ಕೆಂಪಾಗಿ ಕಾಣುತ್ತದೆ ಅಂತ ಒಂದಿದೆ, ಕೆಂಪಗಿರುವ ಯಾವ ಹರಳು ಹಾಕಿದರೂ ಅಷ್ಟೇ ಕಾಣೋದು. ಬಾಯಿಯ ಆವಿ ಊದಿ ನೋಡುವುದರಿಂದ ಗಾಜು ಮತ್ತು ಹರಳಿನ ನಡುವೆ ಏನಾದರೂ ಸುಳಿವು ಸಿಗಬಹುದು, ಈ ಎರಡರ ನಡುವೆ ಸಿಗೋದಿಲ್ಲ.

ಇನ್ನು ಒರಟು ಕಲ್ಲಿನ ವಿಷಯ. ಹಾಸನ, ಮೈಸೂರು ಕಡೆಯ ಹಳೆ ಶಿಲೆಗಳಲ್ಲಿ ಗಾರ್ನೆಟ್ಟೂ ಇದೆ, ಕೊರಂಡಮ್ಮೂ ಇದೆ. ಹೊಲದಲ್ಲಿ ಕೆಂಪು ಕಲ್ಲು ಸಿಕ್ಕಿದರೆ ಆಕಾರ ನೋಡಿ. ಗುಂಡಗೆ, ಹನ್ನೆರಡು ಮುಖದ ಚೆಂಡಿನ ಥರ ಇದ್ದು ಒಂದೊಂದು ಮುಖ ಡೈಮಂಡ್ ಇಸ್ಪೀಟಿನ ಆಕಾರದಲ್ಲಿದ್ದರೆ ಗಾರ್ನೆಟ್. ಆರು ಮೂಲೆಯ ಬಿಲ್ಲೆ ಅಥವಾ ಪೀಪಾಯಿ ಥರ ಇದ್ದರೆ ಕೊರಂಡಮ್. ಸುಬ್ರಹ್ಮಣ್ಯದ ಕಡೆ ಕಾಡಿನಲ್ಲಿ ಕದ್ದು ಅಗೆದ ಹರಳು ಕಲ್ಲು ಅಂತ ಯಾರಾದರೂ ತಂದರೆ ಪರೀಕ್ಷೆಗೂ ಕೈಹಾಕಬೇಡಿ. ಅದು ಅರಣ್ಯ ಅಪರಾಧ, ಕೊಂಡವರೂ ಸಿಕ್ಕಿಬೀಳುತ್ತಾರೆ.

ಹಂತ 6: ಮಾಣಿಕ್ಯವೇ ಅಂತ ಗೊತ್ತಾದಮೇಲೆ

ಗಾರ್ನೆಟ್ ಅಂತ ಬಂದರೆ ಕೆಲಸ ಮುಗಿಯಿತು. ಅದು ನಕಲಿ ಅಲ್ಲ, ಒಳ್ಳೆ ಹರಳು, ಸಾಮಾನ್ಯವಾಗಿ ಬಿಸಿ ಮಾಡಿ ಬಣ್ಣ ಬದಲಾಯಿಸುವ ಗೋಜಿಲ್ಲದೆ ಹುಟ್ಟಿದ ಹಾಗೇ ಸಿಗುತ್ತದೆ. ಗಾರ್ನೆಟ್‌ನ ಬೆಲೆ ಕೊಟ್ಟು ಗಾರ್ನೆಟ್ ಹಾಕಿಕೊಳ್ಳುವುದರಲ್ಲಿ ಏನೂ ಕಮ್ಮಿಯಿಲ್ಲ. ಮಾಣಿಕ್ಯ ಅಂತ ಬಂದರೇ ತಲೆನೋವು ಶುರು.

ಯಾಕಂದರೆ ಕಾರ್ಖಾನೆ ಮಾಣಿಕ್ಯವೂ ಕೊರಂಡಮ್ಮೇ. ಅದೇ ಗಡಸು, ಅದೇ ತೂಕ, ಅದೇ ವಕ್ರೀಭವನ, ಮೇಲಿನ ಎಲ್ಲ ಪರೀಕ್ಷೆಯಲ್ಲೂ ಪಾಸ್. ಫ್ರಾನ್ಸ್‌ನ ಆಗಸ್ಟ್ ವೆರ್ನ್ಯೂಯಿ ಜ್ವಾಲೆಯಲ್ಲಿ ಪುಡಿ ಕರಗಿಸಿ ಮಾಣಿಕ್ಯ ಬೆಳೆಸುವ ವಿಧಾನವನ್ನು 1902ರಲ್ಲೇ ಹೊರಗಿಟ್ಟರು. ಆದ್ದರಿಂದ 'ಅಜ್ಜಿ ಕಾಲದ್ದು, ಅಸಲಿ ಇರಲೇಬೇಕು' ಅನ್ನೋ ಮಾತಿಗೆ ಅರ್ಥವಿಲ್ಲ. ಇಲ್ಲಿ ಲೂಪೇ ಗತಿ. ಹರಳನ್ನು ಬಿಳಿ ಹಾಳೆಯ ಮೇಲಿಟ್ಟು ಹಿಂದಿನಿಂದ ಬೆಳಕು ಬಿಟ್ಟು ನೋಡಿ. ಹಳೆ ಗ್ರಾಮಫೋನ್ ತಟ್ಟೆಯ ಗೀರಿನ ಹಾಗೆ ಬಾಗಿದ ಗೆರೆಗಳು, ದುಂಡು ಗುಳ್ಳೆಗಳು ಕಂಡರೆ ಜ್ವಾಲೆಯಲ್ಲಿ ಬೆಳೆಸಿದ್ದು. ಭೂಮಿಯಲ್ಲಿ ಬೆಳೆದ ಮಾಣಿಕ್ಯದ ಗೆರೆಗಳು ನೇರ ಇರುತ್ತವೆ, ಮೂಲೆಯಲ್ಲಿ ತಿರುಗುತ್ತವೆ, ಬಾಗೋದಿಲ್ಲ. ಒಳಗೆ ಏನೂ ಕಾಣದೆ ತೀರಾ ಶುಭ್ರವಾಗಿದ್ದರೆ ಅನುಮಾನ ಜಾಸ್ತಿ ಮಾಡಿ.

ಇನ್ನೊಂದು, ಈಗ ಮಾರುಕಟ್ಟೆ ತುಂಬ ಇರುವುದು: ಬಿರುಕು ಬಿಟ್ಟ ಕೆಳದರ್ಜೆ ಮಾಣಿಕ್ಯಕ್ಕೆ ಸೀಸದ ಗಾಜು ತುಂಬಿಸಿ ಶುಭ್ರ ಮಾಡಿದ್ದು. ಲೂಪ್ ಹಿಡಿದು ಹರಳನ್ನು ಮೆಲ್ಲಗೆ ಓರೆ ಮಾಡಿದರೆ ಬಿರುಕಿನಗುಂಟ ನೀಲಿ ಅಥವಾ ನೇರಳೆ ಮಿಂಚು ಹೊಡೆಯುತ್ತದೆ, ಅಲ್ಲಲ್ಲಿ ಚಪ್ಪಟೆ ಗುಳ್ಳೆ ಇರುತ್ತವೆ. ಇದನ್ನು ಮಾಣಿಕ್ಯ ಅಂತಲೇ ಮಾರುತ್ತಾರೆ, ಪೂರ್ತಿ ಸುಳ್ಳೂ ಅಲ್ಲ. ಆದರೆ ಬೆಲೆ ಬೇರೆ, ಬಾಳಿಕೆ ಬೇರೆ.

ದೊಡ್ಡ ದುಡ್ಡಿನ ಹರಳಾದರೆ ಲ್ಯಾಬಿಗೆ ಕೊಡಿ, ಮನೆಯ ಪರೀಕ್ಷೆ ಅಲ್ಲಿಗೆ ಹೋಗುವ ಮುಂಚಿನ ಜರಡಿ ಮಾತ್ರ. ರಿಪೋರ್ಟ್ ಬಂದಮೇಲೆ 'ನ್ಯಾಚುರಲ್' ಅನ್ನೋ ಒಂದು ಪದ ನೋಡಿ ಮಡಚಿಡಬೇಡಿ. ಕಾಮೆಂಟ್ಸ್ ಅಂತ ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲು ಇರುತ್ತದೆ, ಬಿಸಿ ಮಾಡಿದ್ದೋ ಗಾಜು ತುಂಬಿದ್ದೋ ಅಂತ ಬರೆದಿರೋದು ಅಲ್ಲೇ. ಬಿಸಿ ಮಾಡಿದ ಮಾಣಿಕ್ಯವನ್ನು ವ್ಯಾಪಾರದಲ್ಲಿ ಎಲ್ಲರೂ ಒಪ್ಪುತ್ತಾರೆ, ಗಾಜು ತುಂಬಿದ್ದರ ಕಥೆ ಬೇರೆ.

ಗಾಜು ತುಂಬಿದ್ದು ಅಂತ ಗೊತ್ತಾದರೆ ನಿಂಬೆಹಣ್ಣು, ಹುಣಸೆಹಣ್ಣು ಹಚ್ಚಿ ತೊಳೆಯಬೇಡಿ, ಹುಳಿ ತಾಗಿದರೆ ಆ ಗಾಜು ಕೊರೆದುಹೋಗಿ ಬಿರುಕುಗಳೆಲ್ಲ ಬೆಳ್ಳಗೆ ಎದ್ದು ಕಾಣುತ್ತವೆ. ಅಂಗಡಿಯ ಅಲ್ಟ್ರಾಸಾನಿಕ್ ಯಂತ್ರಕ್ಕೂ ಹಾಕಿಸಬೇಡಿ. ಉಂಗುರ ದೊಡ್ಡದು ಮಾಡಿಸೋಕೆ, ಮುರಿದ ಕೊಂಡಿ ಬೆಸೆಯೋಕೆ ಆಚಾರಿಗೆ ಕೊಡುವಾಗ ಹರಳು ಯಾವುದು ಅಂತ ಬಾಯಿಬಿಟ್ಟು ಹೇಳಿ. ಗಾರ್ನೆಟ್ ಆಗಲಿ, ಗಾಜು ತುಂಬಿದ ಮಾಣಿಕ್ಯ ಆಗಲಿ, ಬೆಸುಗೆ ಬೆಂಕಿ ತಡೆಯೋದಿಲ್ಲ. 'ಹರಳು ಬಿಚ್ಚಿಟ್ಟು ಆಮೇಲೆ ಊದಿ ಆಚಾರರೇ' ಅಂದರೆ ಅವರಿಗೆ ಅರ್ಥ ಆಗುತ್ತದೆ.